ಕುರ್ಚಿ ಎಳೆಯಬಾರದು

ಆ ಗ್ರಂಥಾಲಯದ ಬಾಗಿಲು ದಾಟಿದ ಕೂಡಲೆ ಎದುರಾಗುವುದು ಪುಸ್ತಕವಲ್ಲ, ಬೋರ್ಡು. ಮೌನ ಕಾಪಾಡಬೇಕು. ಚೀಲ ಹೊರಗಿಡಬೇಕು. ಪುಟದ ಕಿವಿ ಮಡಚಬಾರದು. ಎಂಜಲು ಹಚ್ಚಿ ಹಾಳೆ ತಿರುವಬಾರದು. ಕುರ್ಚಿ ಎಳೆಯಬಾರದು, ಎತ್ತಿ ಇಡಬೇಕು. ನಿದ್ದೆ ಮಾಡಬಾರದು. ಬಾರದು, ಬಾರದು ಎಂದು ಓದುತ್ತ ಹೋದರೆ ಇಷ್ಟಕ್ಕೂ ತಾವು ಇಲ್ಲಿಗೆ ಬರಬಹುದೋ ಬಾರದೋ ಎಂದೇ ಹೊಸಬರಿಗೆ ಅನುಮಾನವಾಗುತ್ತಿತ್ತು. ಬೋರ್ಡಿನ ತುದಿಯಲ್ಲಿ, ಬಣ್ಣ ಮುಗಿದುಹೋಯಿತೇನೋ ಎಂಬಂತೆ, ಸಣ್ಣಕ್ಷರದಲ್ಲಿ 'ನಮ್ಮ ಸೇವೆಗಳು' ಎಂದೂ ಇತ್ತು. ಬೈಯುವುದನ್ನು ದಪ್ಪಗೆ, ಕೊಡುವುದನ್ನು ಸಣ್ಣಗೆ ಬರೆಯುವುದು ಎಲ್ಲ ಕಚೇರಿಗಳ ಹುಟ್ಟುಗುಣ.

ಬೋರ್ಡಿಗೇ ಜೀವ ಬಂದು ಕೌಂಟರಿನಲ್ಲಿ ಕೂತ ಹಾಗಿದ್ದಳು ಅಲ್ಲಿಯ ಹೆಂಗಸು. ಯಾರಾದರೂ ಪಿಸುಗುಟ್ಟಿದರೆ ಸಾಕು, ತಲೆ ಎತ್ತದೆಯೇ 'ಶ್' ಎನ್ನುತ್ತಿದ್ದಳು. ಅದರಿಂದಾಗಿ ಅವಳ ಹೆಸರೇ ಶ್ ಮೇಡಂ ಎಂದಾಗಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೂ ಇವಳು ಶ್ ಅನ್ನುತ್ತಾಳೆ, ಪಾಪ, ಅದಕ್ಕೆ ಓದು ಬರುವುದಿಲ್ಲ ಎಂದು ಗಂಡ ನೆಂಟರ ಮುಂದೆ ತಮಾಷೆ ಮಾಡುತ್ತಿದ್ದ. ಗದರುವ ಬಾಯಿಯ ಹಿಂದೆ ಮೆತ್ತನೆಯ ಮನಸ್ಸಿತ್ತು ಅನ್ನುವುದು ಕೆಲವರಿಗೆ ಮಾತ್ರ ಗೊತ್ತಿತ್ತು. ಗೊತ್ತಾದವರು ಹೊರಗೆ ಹೇಳುತ್ತಿರಲಿಲ್ಲ. ಹೇಳಿದರೆ ಎಲ್ಲರೂ ಬಂದು ಸಾಲು ನಿಲ್ಲುತ್ತಾರಲ್ಲ.

ಬಡಗಿ ಅಜ್ಜ ಅವಳ ಕೌಂಟರಿಗೆ ಮೊದಲ ಸಲ ಬಂದದ್ದು ಮಧ್ಯಾಹ್ನ ಊಟವಾದ ಮೇಲೆ, ಪತ್ರಿಕೆ ಓದುವವರು ನಿಯಮವನ್ನೂ ಪತ್ರಿಕೆಯನ್ನೂ ಮಡಿಲಲ್ಲಿಟ್ಟುಕೊಂಡು ತೂಕಡಿಸುವ ಹೊತ್ತಿನಲ್ಲಿ. ಚೀಲವನ್ನು ಹೊರಗಿಟ್ಟ. ಬೋರ್ಡಿನಲ್ಲಿ ಇಲ್ಲದಿದ್ದರೂ ಚಪ್ಪಲಿಯನ್ನೂ ಹೊರಗೇ ಬಿಟ್ಟ. ಕೌಂಟರಿನ ಮುಂದೆ ನಿಂತು, ತಗ್ಗಿದ ದನಿಯಲ್ಲಿ ಕೇಳಿದ:

"ನನ್ನ ಹೆಂಡತಿ ಇಲ್ಲಿದ್ದಾಳಂತಲ್ಲ ತಾಯಿ. ಸ್ವಲ್ಪ ಕೇಳಿಸ್ತೀರಾ?"

ಯಾರೋ ಹೆಂಡತಿಯನ್ನು ಹುಡುಕಿಕೊಂಡು ಬಂದಿದ್ದಾರೆ ಎಂದುಕೊಂಡ ಶ್ ಮೇಡಂ, ಮಹಿಳೆಯರು ಓದುವ ಕೋಣೆ ಬಲಗಡೆ, ಹೋಗಿ ನೋಡಿ, ಆದರೆ ಹೆಸರು ಹಿಡಿದು ಕೂಗಬೇಡಿ ಎಂದಳು. ಅಜ್ಜ ಅಲ್ಲಾಡಲಿಲ್ಲ. ನಿಧಾನಕ್ಕೆ ವಿಷಯ ಹೊರಬಂತು. ಹೆಂಡತಿ ಶಾಲೆಯಲ್ಲಿ ಟೀಚರಾಗಿದ್ದವರು, ಹೋದ ವರ್ಷ ತೀರಿಕೊಂಡಿದ್ದರು. ಕೆಲಸದಿಂದ ನಿವೃತ್ತಿಯಾದ ಮೇಲೆ, ಶ್ ಮೇಡಂ ಇಲ್ಲಿಗೆ ಬರುವ ಮುಂಚೆ, ಕಣ್ಣು ಕಾಣದ ಓದುಗರಿಗಾಗಿ ಇದೇ ಗ್ರಂಥಾಲಯಕ್ಕೆ ಬಂದು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದರು. ಬೋರ್ಡಿನ ಸಣ್ಣಕ್ಷರದ ಸೇವೆಗಳಲ್ಲಿ ಅದೂ ಒಂದು: ಕೇಳುಪುಸ್ತಕ.

ಸೇವೆ ಸಣ್ಣದಾದರೂ ಅದರ ನಿಯಮ ಸಣ್ಣದಾಗಿರಲಿಲ್ಲ. ಕಣ್ಣು ಕಾಣದವರಿಗೆ ಮಾತ್ರ, ಅದೂ ಡಾಕ್ಟರ ಸರ್ಟಿಫಿಕೇಟು ತಂದರೆ. ಕ್ಯಾಸೆಟ್ಟನ್ನು ಕೋಣೆಯಿಂದ ಆಚೆ ಒಯ್ಯಬಾರದು. ನಕಲು ಮಾಡಬಾರದು. ಶ್ ಮೇಡಂ ಇಷ್ಟನ್ನೂ ಒಪ್ಪಿಸಿದಳು. ಅಜ್ಜ ಎಲ್ಲವನ್ನೂ ತಲೆಯಾಡಿಸಿ ಕೇಳಿ, "ಕಿವಿ ಚೆನ್ನಾಗಿದೆ ತಾಯಿ. ಕೇಳೋದಕ್ಕೆ ಕಣ್ಣು ಯಾಕೆ ಕೆಟ್ಟಿರಬೇಕು?" ಎಂದ.

ಅವಳು ಅಜ್ಜನ ಕೈ ನೋಡಿದಳು. ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಪಾಲಿಶ್ ಬಣ್ಣ. ಏನು ಕೆಲಸ ಎಂದು ಕೇಳಿದಳು. ಬಡಗಿ ಎಂದ. ಕೇಳುಪುಸ್ತಕದ ಕೋಣೆಗೆ ಓದುಗರಲ್ಲದೆ ಹೋಗಬಹುದಾದವರು ಇನ್ನೊಬ್ಬರಿದ್ದರು: ದುರಸ್ತಿಗೆ ಬಂದವರು. ಆ ಕೋಣೆಯ ಕುರ್ಚಿಗಳೋ, ಒಂದಕ್ಕೆ ಕಾಲು ಗಿಡ್ಡ, ಒಂದಕ್ಕೆ ಬೆನ್ನು ಸಡಿಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಜ್ಜ ಮರುವಾರದಿಂದ ಕುರ್ಚಿ ದುರಸ್ತಿಯವನಾಗಿ ಒಳಗೆ ಹೋದ.

ಟೀಚರಮ್ಮ ಓದಿದ್ದು ಒಂದೇ ಒಂದು ಪುಸ್ತಕ, ಅದೂ ಜೇನು ಸಾಕುವವರ ಕೈಪಿಡಿ. ಕಣ್ಣು ಕಾಣದ ಒಬ್ಬರು ಬಯಸಿ ಕೇಳಿದ್ದರಂತೆ. ಕಣ್ಣಿಲ್ಲದವರಿಗೆ ಜೇನು ಯಾಕೆ ಎಂದು ಆಗಿನ ಅಧಿಕಾರಿ ಮೂಗು ಮುರಿದಾಗ, ಕಚ್ಚುವಾಗ ಹುಳುಗಳೂ ಕಣ್ಣು ನೋಡಿ ಕಚ್ಚಲ್ಲ ಸಾರ್ ಎಂದು ಟೀಚರಮ್ಮ ಬಾಯಿ ಮುಚ್ಚಿಸಿದ್ದರಂತೆ. ಅಜ್ಜ ಹೆಡ್‌ಫೋನ್ ಹಾಕಿಕೊಂಡು, ಒಂದು ಕುರ್ಚಿಯನ್ನು ಮಡಿಲಿಗೆ ಮಲಗಿಸಿ, ಅದರ ಕಾಲು ಉಜ್ಜುತ್ತ ಅದನ್ನು ಕೇಳುತ್ತಿದ್ದ. ಹುಟ್ಟಿದಾಗಿನಿಂದ ಒಂದು ಜೇನುಗೂಡಿನ ಹತ್ತಿರ ಹೋದವನಲ್ಲ. ಈಗ ರಾಣಿಹುಳು ಯಾವಾಗ ಮುನಿಸಿಕೊಳ್ಳುತ್ತದೆ, ಗೂಡಿಗೆ ಹೊಗೆ ಎಷ್ಟು ಹಾಕಬೇಕು ಎಂದೆಲ್ಲ ಬಾಯಿಪಾಠವಾಗಿತ್ತು. ಒಂದೊಂದು ಸಲ ಓದುಗರಿಗೂ ಹೇಳಿಕೊಡಲು ಹೋಗಿ ಶ್ ಅನ್ನಿಸಿಕೊಳ್ಳುತ್ತಿದ್ದ.

ಪ್ರತಿ ವಾರವೂ ಒಂದು ಜಾಗ ಬಂದಾಗ ಅಜ್ಜ ಉಜ್ಜುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಬಾಯಿ ತುಂಬ ನಗುತ್ತಿದ್ದ. ಕೋಣೆಯ ಗಾಜಿನಾಚೆಯಿಂದ ಅದನ್ನು ನೋಡಿ ನೋಡಿ ಶ್ ಮೇಡಂಗೆ ತಡೆಯಲಾಗಲಿಲ್ಲ. ಜೇನುಹುಳದಲ್ಲಿ ನಗುವಂಥದ್ದು ಏನಿದೆ ಎಂದು ಒಳಗೆ ಹೋಗಿ ಕೇಳಿದಳು. ಅಜ್ಜ ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹೆಡ್‌ಫೋನ್ ತೆಗೆದು ಅವಳಿಗೆ ಕೊಟ್ಟ.

"ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ, ಸ್ವಲ್ಪವೂ ಸದ್ದಾಗದಂತೆ" ಎಂದು ಟೀಚರಮ್ಮ ಪಾಠದ ದನಿಯಲ್ಲಿ ಓದುತ್ತಿದ್ದರು. ಅಷ್ಟರಲ್ಲಿ ಕಿರ್ರೆಂದು ಕುರ್ಚಿ ಎಳೆದ ಸದ್ದು. ಓದು ನಿಂತಿತು. ಪಾಠದ ದನಿ ಹೋಗಿ ಮನೆಯ ದನಿ ಬಂತು.

"ರೀ, ಆ ಕುರ್ಚೀನ ಅದರ ಪಾಡಿಗೆ ಬಿಡ್ರಿ. ಒಂದು ಗಳಿಗೆ ಸುಮ್ನೆ ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ?"

ಆಮೇಲೆ ತಡೆದರೂ ತಪ್ಪಿಸಿಕೊಂಡ ಒಂದು ನಗು, ಬಳೆ ಸರಿಸಿಕೊಂಡ ಸದ್ದು, ಮತ್ತೆ ಏನೂ ಆಗಿಲ್ಲವೆಂಬಂತೆ "ಸದ್ದಾಗದಂತೆ ತೆಗೆಯಬೇಕು."

ಅಜ್ಜ ಅವತ್ತು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದು ಅದೇ ಕೋಣೆಯಲ್ಲಿ ಕಾಯುತ್ತ ಕೂತಿದ್ದ. ಕುರ್ಚಿಯ ಒಂದು ಕಾಲು ಕುಂಟುತ್ತಿತ್ತು. ಕುಂಟುವ ಕುರ್ಚಿಯ ಮೇಲೆ ಬಡಗಿಯನ್ನು ಕೂರಿಸಿ ಅಲುಗಾಡಬೇಡ ಅಂದರೆ ಆಗುತ್ತದೆಯೇ? ಎದ್ದು ಎಳೆದು ನೋಡಿದ್ದ, ಬೈಸಿಕೊಂಡಿದ್ದ. ಆ ಬೈಗುಳವನ್ನು ತೆಗೆದು ಮತ್ತೆ ಓದಿಸುವ ತಾಳ್ಮೆ ಆಗ ಕ್ಯಾಸೆಟ್ಟು ತುಂಬಿಸುತ್ತಿದ್ದ ಕೆಲಸಗಾರನಿಗೆ ಇರಲಿಲ್ಲ, ಹಾಗೇ ಬಿಟ್ಟಿದ್ದ.

"ಮನೇಲಿ ಬೈದದ್ದೆಲ್ಲ ಗಾಳಿಗೆ ಹೋಯ್ತು ಮಗಳೇ. ಒಂದನ್ನೂ ಎತ್ತಿಟ್ಕೊಳ್ಳಲಿಲ್ಲ," ಎಂದ ಅಜ್ಜ. "ಉಳಿದಿರೋದು ಇದೊಂದೇ ಬೈಗುಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಒಂದು ಮಾತು ಮಾತ್ರ ಆಡಿದ ಮೇಲೂ ಹೋಗದೆ, ಕಪಾಟಿನಲ್ಲಿ ಹೇಗೋ ಉಳಿದುಕೊಂಡಿತ್ತು. ಗ್ರಂಥಾಲಯ ಇರುವುದೇ ಅದಕ್ಕಲ್ಲವೇ ಎಂದು ಶ್ ಮೇಡಂಗೆ ಅವತ್ತು ತನ್ನ ಕೆಲಸದ ಮೇಲೆ ಎಂದಿಲ್ಲದ ಹೆಮ್ಮೆಯಾಯಿತು. ಅಂದಿನಿಂದ ಅವಳು ತಾಯಿ ಹೋಗಿ ಮಗಳಾದಳು. ಅಜ್ಜ ಒಮ್ಮೆ, ಇದರದ್ದೊಂದು ನಕಲು ಮನೆಗೆ ಸಿಕ್ಕೀತೇ ಎಂದು ಅಳುಕುತ್ತ ಕೇಳಿದ. ಒಳಗೆ ಬಿಟ್ಟುಕೊಂಡದ್ದೇ ಒಂದು ತಪ್ಪು, ಅದರ ಮೇಲೆ ಇದೂ ಬೇಡ ಎಂದುಕೊಂಡು, ನಿಯಮವಿಲ್ಲ ಅಜ್ಜ, ಇಲ್ಲೇ ಇರುತ್ತಲ್ಲ, ಎಲ್ಲಿಗೆ ಹೋಗುತ್ತೆ ಎಂದುಬಿಟ್ಟಳು. ಅಜ್ಜ ಹೌದೆಂದು ಒಪ್ಪಿಕೊಂಡ. ಅವನು ಇನ್ನೊಂದು ಸಲ ಕೇಳಿದ್ದರೆ ಅವಳು ಕರಗುತ್ತಿದ್ದಳು. ಅವನು ಇನ್ನೊಂದು ಸಲ ಕೇಳುವ ಜಾತಿಯವನಲ್ಲ.

ಅಷ್ಟು ಹೊತ್ತಿಗೆ ಆ ಕೋಣೆಯ ಕುರ್ಚಿಗಳು ಮುಗಿದು, ಹೊರಗಿನ ಕುರ್ಚಿಗಳೂ ಒಂದೊಂದಾಗಿ ಅಜ್ಜನ ಮಡಿಲಿಗೆ ಬರುತ್ತಿದ್ದವು. ಹಳೆಯ ರಬ್ಬರು ಕತ್ತರಿಸಿ ಪ್ರತಿ ಕಾಲಿಗೂ ಬೂಟು ಹಾಕಿದ. ಕುರ್ಚಿ ಎಳೆಯಬಾರದು ಎಂಬ ನಿಯಮಕ್ಕೆ ಕೆಲಸವೇ ಇಲ್ಲದಂತಾಯಿತು. ಎಷ್ಟು ಎಳೆದರೂ ಬೆಕ್ಕು ನಡೆದ ಹಾಗೆ. ಯಾವತ್ತೂ ಯಾರನ್ನೂ ಹೊಗಳದ ಅಧಿಕಾರಿ ಸಾಹೇಬರು, ಈಗ ನೋಡಿ ಗ್ರಂಥಾಲಯ ಗ್ರಂಥಾಲಯದಂತಿದೆ ಎಂದು ಕುರ್ಚಿಯನ್ನು ಹಿಂದೆ ಮುಂದೆ ಎಳೆದು ಸಂತೋಷಪಟ್ಟರು.

ಆದರೆ ಕ್ಯಾಸೆಟ್ಟಿಗೂ ವಯಸ್ಸಾಗುತ್ತದೆ. ವಾರವಾರವೂ ಅದೇ ಜಾಗಕ್ಕೆ ಓಡಾಡಿ ಟೇಪು ಸಡಿಲವಾಗಿತ್ತು. ದನಿ ನೀರಿನಲ್ಲಿ ಮುಳುಗಿ ಏಳುವಂತೆ ಕೇಳತೊಡಗಿತು. ಇವಳಿಗೆ ಉಬ್ಬಸ ಬಂದಂತಿದೆ ಎಂದು ಅಜ್ಜ ನಗೆಯಾಡಿದ, ಆದರೆ ಅವನ ಮುಖದಲ್ಲಿ ಹೆದರಿಕೆ ಇತ್ತು. ಆಸ್ಪತ್ರೆಯಲ್ಲಿ ಒಮ್ಮೆ ಪಟ್ಟ ಹೆದರಿಕೆಯೇ ಮತ್ತೆ ಬಂದಂತಿತ್ತು. ಟೇಪು ಎಲ್ಲಾದರೂ ತುಂಡಾದರೆ ಎಂದು ಶ್ ಮೇಡಂಗೂ ಜೀವ ಕೈಯಲ್ಲಿ ಹಿಡಿದಂತಾಗುತ್ತಿತ್ತು.

ಆಗಲೇ ಮೇಲಿನ ಕಚೇರಿಯಿಂದ ಆದೇಶ ಬಂತು. ಕೇಳುಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕು, ಇಳಿಸಿದ ಮೇಲೆ ಹಳೆಯ ಕ್ಯಾಸೆಟ್ಟುಗಳನ್ನು ಅಳಿಸಿ ಗುಜರಿಗೆ ಹಾಕಬೇಕು. ಶ್ ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನು ಟೇಪು ಸವೆಯುವ ಮಾತಿಲ್ಲ, ಅಜ್ಜ ಸಾವಿರ ಸಲ ಬೈಸಿಕೊಂಡರೂ ಟೀಚರಮ್ಮನ ದನಿ ಬಾಡುವುದಿಲ್ಲ. ಕಪಾಟಿನ ತಳದಲ್ಲಿದ್ದ ಜೇನಿನ ಕ್ಯಾಸೆಟ್ಟನ್ನು ತೆಗೆದು ಪೆಟ್ಟಿಗೆಯ ಎಲ್ಲಕ್ಕಿಂತ ಮೇಲೆ, ಮೊದಲು ಕೈಗೆ ಸಿಗುವಂತೆ, ತಾನೇ ಇಟ್ಟಳು.

ಕ್ಯಾಸೆಟ್ಟುಗಳನ್ನು ಒಯ್ದು ಇಳಿಸಿಕೊಡಲು ಬಂದ ಸೌಂಡಿನವನು ಒಳ್ಳೆಯ ಕೆಲಸಗಾರ, ಅವಸರದ ಮನುಷ್ಯ. ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲೇ ನಿಂತು, "ಇದ್ದ ಹಾಗೇ ಇಳಿಸ್ಲಾ, ಕ್ಲೀನ್ ಮಾಡಿ ಇಳಿಸ್ಲಾ ಮೇಡಂ?" ಎಂದು ಕೇಳಿದ.

ಆ ಕಟ್ಟಡದಲ್ಲಿ ಕ್ಲೀನ್ ಎಂಬ ಮಾತಿಗೆ ಒಂದೇ ಅರ್ಥ. ವಾರದ ಕೊನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ರಶ್ಶು ಹಿಡಿದು, ಕಪಾಟುಗಳ ಧೂಳು ಹೊಡೆಯುವುದು. ಆ ಕೆಲಸದಲ್ಲೇ ಶ್ ಮೇಡಂ ಅರ್ಧ ಆಯುಷ್ಯ ಸೀನಿದ್ದಳು. ಅಜ್ಜನ ಕಸುಬಿನಲ್ಲೂ ಕ್ಲೀನ್ ಅಂದರೆ ಕೊನೆಯ ಉಜ್ಜು, ಆಮೇಲೆ ಬಟ್ಟೆಯಲ್ಲಿ ಮರದ ಹೊಟ್ಟು ಒರೆಸುವುದು. ಕ್ಯಾಸೆಟ್ಟಿನ ಡಬ್ಬಿಗಳ ಮೇಲೆ ಬೂಸಲು ಬಂದದ್ದು ಇಬ್ಬರ ಕಣ್ಣಿಗೂ ಕಾಣುತ್ತಿತ್ತು. ಅಲ್ಲೇ ಕುರ್ಚಿಯ ಮುಂದೆ ಕೂತಿದ್ದ ಅಜ್ಜನ ಕಡೆ ತಿರುಗಿ, ಏನಜ್ಜ, ಕ್ಲೀನ್ ಮಾಡಿಸೋಣವಾ ಎಂದು ಕೇಳಿದಳು.

"ಮಾಡ್ಸು ಮಗಳೇ," ಎಂದ ಅಜ್ಜ. "ಧೂಳಲ್ಲಿ ಕೂತೂ ಕೂತೂ ಉಬ್ಬಸ ಬಂದಿದೆ ಅವಳಿಗೆ."

ಸೌಂಡಿನವನಿಗೆ ಅದು ತಮಾಷೆಯಂತೆ ಕೇಳಿಸಿತು. ನಕ್ಕು ಹೊರಟುಹೋದ.

ಕಂಪ್ಯೂಟರು ಬಂದು ಕೂತ ದಿನ ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಶ್ ಮೇಡಂ ತಾನೇ ಕುರ್ಚಿ ಎತ್ತಿಟ್ಟು, ತಾನೇ ಹೆಡ್‌ಫೋನ್ ತೊಡಿಸಿ, ಜೇನಿನ ಪುಸ್ತಕ ಹಚ್ಚಿಕೊಟ್ಟಳು. ಮೊದಲ ಸಾಲಿಗೇ ಅಜ್ಜನ ಹುಬ್ಬು ಮೇಲೇರಿತು. ಉಬ್ಬಸವಿಲ್ಲ, ಗೊರಗೊರವಿಲ್ಲ, ಟೀಚರಮ್ಮ ಪಕ್ಕದಲ್ಲೇ ಕೂತು ಓದಿದಂತೆ. ಚೆನ್ನಾಗಿದೆ ಎಂದು ಗಾಜಿನೊಳಗಿಂದಲೇ ಕೈಸನ್ನೆ ಮಾಡಿದ. ಅವಳು ಕೌಂಟರಿಗೆ ಹೋದರೂ ಕಣ್ಣು ಅಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅಜ್ಜ ಕೈ ಎತ್ತಿದ. ಈಗ ಬರುತ್ತೆ ನೋಡು ಎಂಬ ಸನ್ನೆ ಅದು. ನಗು ಮುಂಚೆಯೇ ಬಂದು ತುಟಿಯ ಮೇಲೆ ಸಿದ್ಧವಾಗಿ ನಿಂತಿತ್ತು.

ನಗು ಹಾಗೇ ಇತ್ತು. ಅದರ ಸುತ್ತಲಿನ ಮುಖ ಮಾತ್ರ ಬದಲಾಗುತ್ತ ಹೋಯಿತು. ಅಜ್ಜ ಹಿಂದಕ್ಕೆ ಹೋಗುವ ಗುಂಡಿ ಒತ್ತಿ ಮತ್ತೆ ಕೇಳಿದ. ಹೆಡ್‌ಫೋನನ್ನು ಎಡದಿಂದ ಬಲಕ್ಕೆ ಬದಲಿಸಿ ಕೇಳಿದ. ಅವಳು ಒಳಗೆ ಹೋಗುವಷ್ಟರಲ್ಲಿ ಹೆಡ್‌ಫೋನ್ ಕೈಯಲ್ಲಿತ್ತು.

"ಇಲ್ಲೊಂದು ಮಾತಿತ್ತಲ್ಲ ಮಗಳೇ."

ಶ್ ಮೇಡಂ ಕಿವಿಗಿಟ್ಟು ಕೇಳಿದಳು. "ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ, ಸ್ವಲ್ಪವೂ ಸದ್ದಾಗದಂತೆ ತೆಗೆಯಬೇಕು. ಹಾಗೆ ತೆಗೆದರೆ ಹುಳುಗಳು ಕೆರಳುವುದಿಲ್ಲ." ನಡುವೆ ಒಂದು ಉಸಿರಿನಷ್ಟೂ ಬಿರುಕಿಲ್ಲ. ಬೇರೆ ಜಾಗದಲ್ಲಿರಬಹುದು, ಮುಂದೆ ಹೋಗಿರಬಹುದು ಎಂದು ಬಾಯಿಗೆ ಬಂದದ್ದು ಹೇಳುತ್ತ ಪುಸ್ತಕದ ತುದಿಯವರೆಗೂ ಹುಡುಕಿದಳು. ಜೇನು ಸೋಸುವುದಿತ್ತು, ಮೇಣ ಕಾಯಿಸುವುದಿತ್ತು. ಕುರ್ಚಿ ಇರಲಿಲ್ಲ, ಬಳೆ ಇರಲಿಲ್ಲ, ರೀ ಇರಲಿಲ್ಲ.

ಸೌಂಡಿನವನಿಗೆ ಫೋನು ಮಾಡಿದಾಗ ಅವನು ಹೊಗಳಿಕೆಗೆ ಕಾಯುತ್ತಿದ್ದವನ ದನಿಯಲ್ಲಿ ಮಾತಾಡಿದ. ಹಳೆಯದರಲ್ಲಿ ಏನೇನೋ ಗಲಾಟೆ ಇತ್ತಂತೆ, ಯಾರೋ ಹೆಂಗಸು ಮಧ್ಯೆ ಜಗಳವಾಡಿದ್ದಳಂತೆ, ಕ್ಲೀನ್ ಮಾಡು ಅಂದದ್ದಕ್ಕೆ ಎಲ್ಲ ತೆಗೆದಿದ್ದಾನಂತೆ. "ಒಂದು ಕೆಮ್ಮೂ ಉಳಿಸಿಲ್ಲ ಮೇಡಂ," ಎಂದ. ತೆಗೆದದ್ದನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ಕಸವನ್ನು ಯಾರಾದರೂ ಎತ್ತಿಡ್ತಾರಾ ಎಂದು ಅವನು ನಿಜಕ್ಕೂ ಅರ್ಥವಾಗದೆ ಕೇಳಿದ. ಹಳೆಯ ಕ್ಯಾಸೆಟ್ಟು? ಆದೇಶದಲ್ಲಿದ್ದಂತೆ ಅಳಿಸಿ ಗುಜರಿಗೆ ಕಳಿಸಿದ್ದ. ನೀವು ಮೇಲೇ ಇಟ್ಟಿದ್ರಲ್ಲ ಮೇಡಂ, ಅರ್ಜೆಂಟ್ ಇರಬೇಕು ಅಂತ ಅದನ್ನೇ ಮೊದಲು ಮುಗಿಸಿದೆ ಎಂದ. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಅವಳಿಗೆ ಒಂದು ಕಾರಣ ಸಿಗಲಿಲ್ಲ. ಕೇಳಿ ಮಾಡಿದವನನ್ನು ಬೈಯುವುದು ಹೇಗೆ?

ಗುಜರಿಯವನ ಹತ್ತಿರ ಹೋಗಿ ಬಂದಳು. ಅವನ ಅಂಗಳದಲ್ಲಿ ಕ್ಯಾಸೆಟ್ಟುಗಳು ಪುಡಿಯಾಗಿ ಮೂಟೆಯಲ್ಲಿದ್ದವು. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಅಳಿಸಿದ ಟೇಪಿನಲ್ಲಿ ಏನಿರುತ್ತದೆ? ಗೊತ್ತಿದ್ದೂ ಹೋಗಿದ್ದಳು. ಕೊನೆಗೆ ಸಾಹೇಬರ ಮುಂದೆ ನಿಂತು ವಿಷಯವೆಲ್ಲ ಹೇಳಿದಳು, ಅಜ್ಜನನ್ನು ನಿಯಮ ಮೀರಿ ಒಳಗೆ ಬಿಟ್ಟುಕೊಂಡದ್ದನ್ನೂ ಮುಚ್ಚಿಡಲಿಲ್ಲ. ಸಾಹೇಬರು ಕೆಟ್ಟವರಲ್ಲ. ಬೈಯಲಿಲ್ಲ. ಪುಸ್ತಕದ ಒಂದು ಅಕ್ಷರವಾದರೂ ಕಡಿಮೆಯಾಗಿದೆಯೇ ಎಂದು ಕೇಳಿದರು. ಇಲ್ಲ ಎಂದಳು. ಓದಿದ್ದರಲ್ಲಿ ತಪ್ಪಿದೆಯೇ? ಇಲ್ಲ. ಮೊದಲಿಗಿಂತ ಸ್ಪಷ್ಟವಾಗಿದೆಯೋ ಇಲ್ಲವೋ? ಇದೆ.

"ಹಾಗಾದ್ರೆ ಏನು ಹೋಯ್ತಮ್ಮಾ?"

ಏನು ಹೋಯಿತು ಎಂದು ಹೇಳಲು ಅವಳು ಬಾಯಿ ತೆರೆದಳು. ಹೇಳಹೊರಟರೆ ಅದೊಂದು ಬೈಗುಳ. ಅದೂ ಯಾವ ಪುಸ್ತಕದ್ದೂ ಅಲ್ಲದ್ದು, ಯಾವ ಕಪಾಟಿಗೂ ಸೇರದ್ದು. ಏನೂ ಇಲ್ಲ ಸಾರ್ ಎಂದು ಹೊರಬಂದಳು. ಮುರಿದ ನಿಯಮ ಸರಿಯಾಗಿತ್ತು, ಪಾಲಿಸಿದ ನಿಯಮ ಕೈಕೊಟ್ಟಿತ್ತು. ಒಂದು ನಕಲು, ಒಂದೇ ಒಂದು ನಕಲು ಕೊಟ್ಟಿದ್ದರೆ ಯಾವ ಆಕಾಶ ಕಳಚಿ ಬೀಳುತ್ತಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು. ಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಶ್ ಅನ್ನದೆ ಅದರ ಮುಂದೆ ನಿಂತದ್ದನ್ನು ನೋಡಿ ಗಂಡ ಅವತ್ತು ತಮಾಷೆ ಮಾಡಲಿಲ್ಲ.

ಅಜ್ಜನಾದರೋ ಅವಳಿಗೇ ಸಮಾಧಾನ ಹೇಳಿದ. ಮಾಡಿಸು ಅಂದವನು ನಾನು, ನೀನು ಯಾಕೆ ಕೊರಗುತ್ತೀ, ದನಿಯಂತೂ ಚೆನ್ನಾಗಿದೆಯಲ್ಲ ಎಂದ. ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡು, ಸ್ವಲ್ಪ ದೂರ ಹಾಗೇ ನಡೆದುಹೋದ. ಮರುವಾರ ಬರಲಿಲ್ಲ. ಅದರ ಮರುವಾರವೂ ಇಲ್ಲ. ಶ್ ಮೇಡಂ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುವುದನ್ನು ಕಲಿತಳು. ಬಂದರೆ ಏನು ಹೇಳುವುದು ಎಂದು ಹೆದರುತ್ತಿದ್ದಳು, ಬಾರದಿದ್ದರೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಅಜ್ಜ ಬಂದ. ಮೊದಲಿನಂತೆಯೇ ಚೀಲ ಹೊರಗಿಟ್ಟು, ಚಪ್ಪಲಿ ಬಿಟ್ಟು, ಕೌಂಟರಿನ ಕಡೆ ಒಮ್ಮೆ ತಲೆಯಾಡಿಸಿ ಒಳಗೆ ಹೋದ. ಕೈಯಲ್ಲಿ ಸಣ್ಣ ಇಕ್ಕಳವಿತ್ತು. ಯಾವುದೋ ಕುರ್ಚಿ ನೆನಪಾಗಿರಬೇಕು, ಒಳ್ಳೆಯದೇ ಆಯಿತು, ಕೆಲಸದಲ್ಲಿ ಮನಸ್ಸು ನಿಲ್ಲಲಿ ಎಂದುಕೊಂಡು ಅವಳು ಉಸಿರು ಬಿಟ್ಟಳು. ಅವತ್ತು ಓದುವ ಕೋಣೆ ತುಂಬಿತ್ತು. ಪರೀಕ್ಷೆಗೆ ಓದುವವರು ತಲೆ ಬಗ್ಗಿಸಿ ಕೂತಿದ್ದರು, ಹಾಳೆ ತಿರುವುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಕಿರ್ರ್ ಎಂದಿತು.

ಎಷ್ಟೋ ತಿಂಗಳಿಂದ ಕೇಳದಿದ್ದ ಸದ್ದು. ತಲೆಗಳೆಲ್ಲ ಮೇಲೆದ್ದವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಮೊದಲಿಗಿಂತ ಜೋರಾಗಿ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಗೋಡೆಯೇ ಕಿರುಚಿದಂತೆ. ಪರೀಕ್ಷೆಯವನೊಬ್ಬ ಬೋರ್ಡನ್ನು ನೋಡಿ, ಆಮೇಲೆ ಅವಳನ್ನು ನೋಡಿ, ಸ್ವಲ್ಪ ಹೇಳಿ ಮೇಡಂ ಎಂದ. ಉಳಿದವರೂ ಅವಳನ್ನೇ ನೋಡುತ್ತಿದ್ದರು. ಶ್ ಎನ್ನುವುದು ಅವಳ ಕೆಲಸ. ಸಂಬಳ ಬರುವುದೇ ಅದಕ್ಕೆ.

ಅವಳು ಎದ್ದು ಒಳಗೆ ಹೋದಳು. ಕುರ್ಚಿಯ ನಾಲ್ಕೂ ಕಾಲಿನ ರಬ್ಬರ್ ಬೂಟುಗಳನ್ನು ಕಿತ್ತು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಿತ್ತು. ಅಜ್ಜ ಹೆಡ್‌ಫೋನ್ ಹಾಕಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದ. ಕಣ್ಣು ಮುಚ್ಚಿ ಕಾದ. ಆ ಜಾಗ ಬಂತೇನೋ, ಬೋಳು ಕಾಲಿನ ಕುರ್ಚಿಯನ್ನು ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಎಳೆದ. ಎಳೆದು, ತಲೆಯನ್ನು ಒಂದು ಕಡೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳಿದ.

ಶ್ ಮೇಡಂ ಬಾಯಿ ತೆರೆದಳು. ಆ ಕಟ್ಟಡದೊಳಗೆ ಮೊದಲ ಸಲ ಆ ಒಂದಕ್ಷರ ಹೊರಗೆ ಬರಲಿಲ್ಲ. ಅಜ್ಜ ಕಣ್ಣು ತೆರೆದು ಅವಳನ್ನು ನೋಡಿದ. ಅವನಿಗೆ ನಾಚಿಕೆಯಾಗಲಿಲ್ಲ. ಮನೆಯವರ ಮೇಲೆ ದೂರು ಹೇಳುವವನಂತೆ ಮೆಲ್ಲಗೆ ಹೇಳಿದ:

"ಎಷ್ಟು ಎಳೆದ್ರೂ ಬೈತಿಲ್ಲ ಮಗಳೇ ಇವಳು."